ಪರದೆಗೆ ಟವೆಲ್ ಹೊದಿಸುತ್ತಿದ್ದ ಅಲಮು

ಆ ದಿನಗಳಲ್ಲಿ ಮಧ್ಯಾಹ್ನ ಪಕ್ಕದ ಮೆಸ್ಸಿನ ಪಾತ್ರೆ ತೊಳೆಯುವ ಗದ್ದಲ ಅಡಗುತ್ತಿದ್ದ ಹಾಗೇ, ನಮ್ಮ ಅಡುಗೆಮನೆಯ ಕಿಟಕಿಯ ಕೆಳಗಿನಿಂದ ಒಂದು ಹೆಂಗಸಿನ ದನಿ ಶುರುವಾಗುತ್ತಿತ್ತು. ಊಟಕ್ಕೆ ಹೊತ್ತಾಯಿತೆಂದು ಪುರೋಹಿತರು ಮಂತ್ರ ಓಡಿಸುತ್ತಾರಲ್ಲ, ಆ ವೇಗ. ಆದರೆ ಪುರೋಹಿತರಾದರೂ ಮಧ್ಯೆ ಉಸಿರು ತೆಗೆದುಕೊಳ್ಳುತ್ತಾರೆ, ಕೆಮ್ಮುತ್ತಾರೆ. ಇವಳಿಗೆ ಅದೂ ಇಲ್ಲ. ಇಂಗ್ಲಿಷು ಎಂದು ತಿಳಿಯುತ್ತಿತ್ತು, ಏನು ಇಂಗ್ಲಿಷು ಎಂದು ತಿಳಿಯುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಐರಿಷ್ ಸಿಸ್ಟರುಗಳ ಡಿಕ್ಟೇಶನ್ ಬರೆದು ಬೆಳೆದ ಕಿವಿ ನನ್ನದು. ಅದಕ್ಕೊಂದು ಸಣ್ಣ ಜಂಬವೂ ಇತ್ತು. ಆ ಜಂಬಕ್ಕೆ ಪೆಟ್ಟು ಬಿದ್ದದ್ದರಿಂದಲೇ ಇರಬೇಕು, ಒಂದು ದಿನ ಕರಿಬೇವು ಕೇಳುವ ನೆಪ ಮಾಡಿಕೊಂಡು ಕೆಳಗಿಳಿದು ಹೋದೆ.

ಬಾಗಿಲು ತೆರೆದೇ ಇತ್ತು. ಅಲಮು ಬೆತ್ತದ ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಮುಂದೆ ಕಂಪ್ಯೂಟರು. ಅದರ ಪರದೆಯ ಮೇಲೆ, ಸ್ನಾನಕ್ಕೆ ಹೋದವರ ಹೆಗಲ ಮೇಲಿರುವ ಹಾಗೆ, ಒಂದು ಹಳೆಯ ಟವೆಲ್ ಹೊದಿಸಿತ್ತು. ಅವಳು ಆ ಟವೆಲನ್ನೇ ನೋಡುತ್ತಾ ಕೀ ಒತ್ತುತ್ತಿದ್ದಳು. ಕಂಪ್ಯೂಟರಿನೊಳಗಿಂದ ಆ ಹೆಂಗಸಿನ ದನಿ ಓಡುತ್ತಿತ್ತು.

"ಸ್ಕ್ರೀನ್ ಕೆಟ್ಟಿದೆಯೇನೆ?" ಎಂದೆ.

"ಬನ್ನಿ ಮಾಮಿ. ಸ್ಕ್ರೀನ್ ಚೆನ್ನಾಗಿದೆ. ಕೆಟ್ಟಿರೋದು ನನ್ನ ಕಣ್ಣು."

"ಅಯ್ಯೋ, ಏನಾಯ್ತೆ?"

"ಏನೂ ಆಗಿಲ್ಲ. ಕಣ್ಣಿಗೆ ಚಂದ ಕಂಡ್ರೆ ಸಾಕು, ಎಲ್ಲಾ ಸರಿಯಾಗಿದೆ ಅಂದ್ಬಿಡತ್ತೆ. ಲಂಚಕೋರ ಕಣ್ಣು. ಅದಕ್ಕೇ ಮುಚ್ಚಿ ಕೂತಿದೀನಿ."

ಇದು ಅಲಮೇಲು. ನಮ್ಮ ಟ್ರಿಪ್ಲಿಕೇನಿನ ಆ ಮೂರು ಮಹಡಿಯ ಹಳೆಯ ಕಟ್ಟಡದಲ್ಲಿ ನಾವು ಮೇಲೆ, ಅವಳೂ ಅವಳ ಅಣ್ಣ ಸಂಪತ್ತಿನ ಸಂಸಾರವೂ ಕೆಳಗೆ. ತಂದೆಯ ಕಡೆ ತಮಿಳು. ತಾಯಿ ಮೈಸೂರಿನ ಅಗ್ರಹಾರದವರು, ಮನೆಯೊಳಗೆ ಕನ್ನಡವೇ ಆಗಬೇಕೆಂದು ಹಟ ಹಿಡಿದು ಮಕ್ಕಳಿಗೆ ಕಲಿಸಿದವರು. ಆ ತಾಯಿ ತೀರಿಕೊಂಡ ಮೇಲೆ ಕನ್ನಡ ಮಾತಾಡುವ ಚಟಕ್ಕೆ ಅಲಮುವಿಗೆ ನಾನು ಸಿಕ್ಕಿದೆ. ಎತ್ತರದ ಆಳು, ತೆಳು ಮೈ, ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲು. ಮೂಗಿನಲ್ಲಿ ಅಮ್ಮನ ಒಂಟಿ ವಜ್ರ. ನಲವತ್ತೈದು ದಾಟಿತ್ತು, ಮದುವೆಯ ಮಾತು ಎತ್ತಿದವರಿಗೆ "ವರನ ಕಡೆಯಿಂದ ಇನ್ನೂ ಪೇಜ್ ಲೋಡ್ ಆಗ್ತಾ ಇದೆ" ಅನ್ನುತ್ತಿದ್ದಳು. ಯಾವುದೋ ಜಾಹೀರಾತು ಕಂಪೆನಿಯಲ್ಲಿ ವೆಬ್‌ಸೈಟು ಮಾಡುವ ಕೆಲಸದಲ್ಲಿದ್ದವಳು ಜಗಳವಾಡಿ ಬಿಟ್ಟು, ಮನೆಯಲ್ಲೇ ಕೂತು ಅದೇ ಕೆಲಸ ಮಾಡುತ್ತಿದ್ದಳು. ಜಗಳ ಏನಕ್ಕೆಂದು ಕೇಳಿದರೆ, "ಅವರು ಗೊಂಬೆ ಮಾಡಿ ಅಂದ್ರು, ನಾನು ಮನುಷ್ಯರನ್ನ ಮಾಡ್ತೀನಿ ಅಂದೆ."

ಆ ಓಡುವ ಹೆಂಗಸು ಸ್ಕ್ರೀನ್ ರೀಡರು. ಕಣ್ಣು ಕಾಣದವರಿಗೆ ಕಂಪ್ಯೂಟರಿನಲ್ಲಿರುವುದನ್ನು ಓದಿ ಹೇಳುವ ವ್ಯವಸ್ಥೆ. ಅಲಮು ತಾನು ಮಾಡಿದ ಪ್ರತಿಯೊಂದು ಪುಟವನ್ನೂ ಪರದೆ ಮುಚ್ಚಿ, ಅವಳ ಬಾಯಿಂದ ಕೇಳಿ, ಆಮೇಲಷ್ಟೇ ಹೊರಗೆ ಬಿಡುತ್ತಿದ್ದಳು. ನನಗೆ ಆಗಲೇ ಗ್ಲಾಕೋಮಾ ಶುರುವಾಗಿತ್ತು. ಪೈಪಿನೊಳಗಿಂದ ನೋಡಿದ ಹಾಗೆ ಲೋಕ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಯಾರಿಗೂ ಇನ್ನೂ ಹೇಳಿರಲಿಲ್ಲ. ಆ ದಿನ ಅಲಮು ಕರಿಬೇವನ್ನು ಮುಂದೆ ಹಿಡಿದಾಗ ನನ್ನ ಕೈ ಬೇರೆ ಕಡೆ ಚಾಚಿದ್ದನ್ನು ಕಂಡಿರಬೇಕು. ಮಾರನೆಯ ದಿನ ಮೇಲೆ ಬಂದು, "ಮಾಮಿ, ನನಗೊಂದು ಹೆಲ್ಪ್ ಬೇಕು. ನನ್ನ ಪುಟಗಳನ್ನ ಕೇಳೋಕೆ ಒಂದು ಒಳ್ಳೆ ಕಿವಿ ಬೇಕು" ಎಂದಳು. ಅವಳಿಗೆ ಹೆಲ್ಪ್ ಎಂದು ನಾನು ಹೋದೆ. ನನಗೇ ಬೇಕಿದ್ದ ಹೆಲ್ಪನ್ನು ಎಷ್ಟು ಗ್ರೇಸ್‌ಫುಲ್ಲಾಗಿ ತಿರುಗಿಸಿ ಕೊಟ್ಟಳು ಎಂದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು.

ಆಗ ಅವಳು ನಮ್ಮ ಬೀದಿಯ ಹಿಂದಿನ ಗಲ್ಲಿಯಲ್ಲಿರುವ ಒಂದು ಕೇಳುವ ಪುಸ್ತಕಗಳ ಲೈಬ್ರರಿಗೆ ಸೈಟು ಮಾಡುತ್ತಿದ್ದಳು. ದೃಷ್ಟಿ ಹೋದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಸುವ ಒಂದು ಸಣ್ಣ ಟ್ರಸ್ಟು ಅದು. ತಮಿಳು, ಕನ್ನಡ, ತೆಲುಗು, ಇಂಗ್ಲಿಷು ಎಲ್ಲಾ ಇತ್ತು. ಸೈಟಿನಲ್ಲಿ ಹುಡುಕಿ, ಬೇಕಾದ್ದನ್ನು ಆರಿಸಿದರೆ ಫೋನಿಗೆ ಬಂದು ಕೂರುತ್ತಿತ್ತು.

ಕೆಲಸ ಶುರುಮಾಡುವಾಗ ಅವಳ ಪುಟಗಳಲ್ಲಿ ಬಣ್ಣವೂ ಇರುತ್ತಿರಲಿಲ್ಲ, ಚಿತ್ರವೂ ಇರುತ್ತಿರಲಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ, ಪರೀಕ್ಷೆಯ ಪೇಪರಿನ ಹಾಗೆ. "ಇಷ್ಟು ಬೋಳಾಗಿದೆಯಲ್ಲೆ" ಎಂದರೆ ಅವಳ ಉತ್ತರ ಸಿದ್ಧ.

"ತಿರುಮಂಜನ, ಅಭಿಷೇಕ ಆದ್ಮೇಲೆ ತಾನೆ ಮಾಮಿ ದೇವರಿಗೆ ಅಲಂಕಾರ? ಪೆರುಮಾಳು ಒದ್ದೆ ಪಂಚೇಲಿ ನಿಂತಾಗ್ಲೂ ಪೆರುಮಾಳೇ. ಆವಾಗ ಕೈ ಎಲ್ಲಿ, ಪಾದ ಎಲ್ಲಿ, ಶಂಖ ಎಲ್ಲಿ ಅಂತ ಸರಿಯಾಗಿ ಕಾಣತ್ತೆ. ಅದನ್ನ ನೋಡದೆ ಹೂವು ಏರಿಸಿದ್ರೆ ಒಳಗೆ ಕಲ್ಲಿದೆಯೋ ಕುಂಬಳಕಾಯಿ ಇದೆಯೋ ಯಾರು ಕಂಡ್ರು?"

ಆ ಸ್ನಾನದ ಹೊತ್ತಿನ ದರ್ಶನವೇ ಮಾರ್ಕಪ್ಪು. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಲಿಂಕು, ಇದು ಬಟನ್ನು ಎಂದು ಒಂದೊಂದನ್ನೂ ಅದರದರ ನಿಜವಾದ ಹೆಸರಿನಿಂದ ಕರೆಯುವುದು. ಹೂವು, ಜರತಾರಿ, ಕಿರೀಟ, ಅಂದರೆ ಬಣ್ಣ, ಅಳತೆ, ಎಲ್ಲಿ ಕೂರಬೇಕು ಎಂಬುದೆಲ್ಲ ಸಿ.ಎಸ್.ಎಸ್. ಅದನ್ನು ಬೇರೆಯೇ ಬರೆದಿಡುತ್ತಿದ್ದಳು, ಇದರ ಜೊತೆ ಕಲಸುತ್ತಿರಲಿಲ್ಲ. ಮುಕ್ಕಾಲು ಪಾಲು ಜನ ಶೀರ್ಷಿಕೆ ಬೇಕಾದ ಕಡೆ ಅಕ್ಷರವನ್ನು ದಪ್ಪ ಮಾಡಿ, ದೊಡ್ಡದು ಮಾಡಿ ಬಿಟ್ಟುಬಿಡುತ್ತಾರಂತೆ. ಕಣ್ಣಿಗೆ ಅದು ಶೀರ್ಷಿಕೆಯೇ. ಆದರೆ ಆ ಓದುವ ಹೆಂಗಸಿಗೆ ಅದು ಶೀರ್ಷಿಕೆ ಎಂದು ಗೊತ್ತಾಗುವುದಿಲ್ಲ, ಹತ್ತರ ಜೊತೆ ಹನ್ನೊಂದು ಎಂದು ಓದಿಕೊಂಡು ಹೋಗುತ್ತಾಳೆ. "ಪೇಟ ಕಟ್ಟಿದವರೆಲ್ಲ ಮದುಮಗನಾ ಮಾಮಿ?" ಎನ್ನುತ್ತಿದ್ದಳು.

ನನಗೆ ನಮ್ಮ ಸಿಸ್ಟರ್ ನೆನಪಾಗುತ್ತಿದ್ದರು. ಕಾಂಪೊಸಿಷನ್ ಕ್ಲಾಸಿನಲ್ಲಿ ಹೆಡಿಂಗ್ ನಡುವೆ ಬರೆದು ಸ್ಕೇಲ್ ಇಟ್ಟು ಗೆರೆ ಎಳೆಯದಿದ್ದರೆ, ಒಳಗೆ ಎಷ್ಟು ಚೆನ್ನಾಗಿ ಬರೆದಿದ್ದರೂ ಸೊನ್ನೆ. ಪ್ಯಾರಾ ಬದಲಿಸಿದರೆ ಬೆರಳಗಲ ಜಾಗ ಬಿಡಬೇಕು. "ಗರ್ಲ್ಸ್, ಡೋಂಟ್ ಮೇಕ್ ಯುವರ್ ರೀಡರ್ ಗೆಸ್." ಇದನ್ನು ಹೇಳಿದಾಗ ಅಲಮು ಕುರ್ಚಿಯ ಮೇಲೇ ಕುಣಿದಳು. "ಆ ಸಿಸ್ಟರ್‌ನ ಕಂಪೆನಿಗೆ ಕರ್ಕೊಂಡು ಬಂದಿದ್ರೆ ನಾನು ಕೆಲ್ಸ ಬಿಡ್ತಾನೇ ಇರ್ಲಿಲ್ಲ ಮಾಮಿ."

ನನ್ನ ಪರೀಕ್ಷೆ ಹೇಗಿರುತ್ತಿತ್ತೆಂದರೆ, ನಾನು ಕೀಬೋರ್ಡಿನ ಮುಂದೆ, ಅವಳು ಹಿಂದೆ ಬೆತ್ತದ ಕುರ್ಚಿಯಲ್ಲಿ. ಓದುವ ಹೆಂಗಸಿನ ಓಟ ತಗ್ಗಿಸಿ, ನನ್ನ ವಯಸ್ಸಿಗೆ ತಕ್ಕ ನಡಿಗೆಗೆ ತಂದಿರುತ್ತಿದ್ದಳು. ಎಚ್ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು, ಟ್ಯಾಬ್ ಒತ್ತಿದರೆ ಲಿಂಕಿನಿಂದ ಲಿಂಕಿಗೆ. ಇಷ್ಟು ಹೇಳಿ ಕೈಕಟ್ಟಿ ಕೂತರೆ ಮುಗಿಯಿತು. ನಾನು ಎಡವಿದರೂ, ಒಂದೇ ಕಡೆ ಗಾಣದ ಎತ್ತಿನ ಹಾಗೆ ಸುತ್ತಿದರೂ ತುಟಿ ಬಿಚ್ಚುತ್ತಿರಲಿಲ್ಲ. ತಾನು ಬಾಯಿ ಬಿಟ್ಟರೆ ಪುಟ ಫೇಲಾದ ಹಾಗೆ ಎಂಬುದು ಅವಳ ಲೆಕ್ಕ. ಕೊನೆಗೆ ನಾನು "ಸಾರಿ ಕಣೆ, ನನಗೆ ಗೊತ್ತಾಗ್ತಿಲ್ಲ" ಎಂದರೆ ಹಿಂದಿನಿಂದ ಬರುತ್ತಿದ್ದ ಮಾತು ಒಂದೇ:

"ನಿಮ್ಮ ತಪ್ಪಲ್ಲ ಮಾಮಿ. ನಂದು. ಎಲ್ಲಿ ಸಿಕ್ಕಾಕ್ಕೊಂಡ್ರಿ ಹೇಳಿ."

ಕಣ್ಣು ಹೋಗುತ್ತಿರುವ ಮುದುಕಿ ದಿನಕ್ಕೆ ಎಷ್ಟು ಜನರಿಗೆ ಸಾರಿ ಹೇಳುತ್ತಾಳೆ ಎಂಬುದು ಹೇಳಿದರೆ ಅರ್ಥವಾಗುವ ಸಂಗತಿಯಲ್ಲ. ಬ್ಯಾಂಕಿನಲ್ಲಿ ಸಹಿ ಗೆರೆ ತಪ್ಪಿದರೆ ಸಾರಿ. ಆಟೋದವನ ಕೈಗೆ ಕೊಟ್ಟ ನೋಟು ಬೇರೆಯಾದರೆ ಸಾರಿ. ನಂಟರ ಮನೆಯಲ್ಲಿ ಕಾಫಿ ಲೋಟಕ್ಕೆ ಕೈ ತಗುಲಿದರೆ ಸಾರಿ. ಆ ಒಂದು ಮನೆಯಲ್ಲಿ, ಆ ಒಂದು ಕುರ್ಚಿಯಲ್ಲಿ ಕೂತಾಗ ಮಾತ್ರ ತಪ್ಪು ನನ್ನದಾಗಿರುತ್ತಿರಲಿಲ್ಲ.

ಒಂದೇ ಒಂದು ಷರತ್ತು. ಸುಳ್ಳು ಹೇಳಬಾರದು. ನಮ್ಮ ಕಡೆಯ ಹೆಂಗಸರಿಗೆ, ಅದರಲ್ಲೂ ಕಾನ್ವೆಂಟಿನಲ್ಲಿ ಮ್ಯಾನರ್ಸ್ ಕಲಿತವರಿಗೆ, ಯಾರಾದರೂ ಕಷ್ಟಪಟ್ಟು ಮಾಡಿದ್ದನ್ನು ಚೆನ್ನಾಗಿಲ್ಲ ಎನ್ನಲು ನಾಲಗೆಯೇ ಏಳುವುದಿಲ್ಲ. ಮೊದಮೊದಲು ನಾನು "ಲವ್ಲಿ, ಲವ್ಲಿ" ಎಂದುಬಿಡುತ್ತಿದ್ದೆ. ಒಂದು ಸಲ ಅಲಮು ಗಂಭೀರಳಾದಳು. "ಮಾಮಿ, ಸಾರಿಗೆ ಉಪ್ಪಿಲ್ಲ ಅಂತ ನೆಂಟರು ಹೇಳ್ದೆ ಹೋದ್ರೆ ಮನೆಯವರು ರಾತ್ರಿ ಅದೇ ತಿನ್ಬೇಕು. ನೀವು ನನಗೆ ನೆಂಟರಾಗ್ಬೇಡಿ."

ಭಾಷೆಯ ವಿಷಯದಲ್ಲಿ ಅವಳಿಗೆ ಒಂದು ಹುಚ್ಚು. ಪುಟದ ಪ್ರತಿಯೊಂದು ಸಾಲೂ ಯಾವ ಭಾಷೆಯದೆಂದು ಒಳಗೆ ಬರೆದಿಡಬೇಕಂತೆ. ಬರೆಯದಿದ್ದರೆ ಓದುವ ಹೆಂಗಸು ಎಲ್ಲವನ್ನೂ ಇಂಗ್ಲಿಷೆಂದುಕೊಂಡು, ಕನ್ನಡ ಬಂದ ಕೂಡಲೇ ಹಾರಿಬಿಡುತ್ತಾಳೆ, ಇಲ್ಲವೇ ದೊರೆಸಾನಿಯ ಮೂಗಿನಿಂದ ಓದುತ್ತಾಳೆ. ಬರೆದಿಟ್ಟರೆ ಕನ್ನಡದ ಹೆಸರು ಬಂದಾಗ ಕನ್ನಡದ ದನಿ, ತಮಿಳು ಬಂದಾಗ ತಮಿಳಿನ ದನಿ. ಸಂಪತ್ತಿನ ಮಗಳು ಅತ್ತೆ ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. "ನೋಡಿ ಮಾಮಿ, ಕಂಪ್ಯೂಟರಿಗೆ ಹೇಳ್ಕೊಟ್ಟೆ, ಕಲೀತು. ಇದಕ್ಕೆ ಎಲ್ಲಿ ಬರೀಲಿ?" ಎಂದು ಅವಳ ಹಣೆ ತಟ್ಟುತ್ತಿದ್ದಳು. "ಪೋ ಅತ್ತೆ" ಎಂದು ಆ ಹುಡುಗಿ ಓಡುತ್ತಿತ್ತು.

ಆ ಸೈಟಿನಿಂದ ನನಗೆ ಸಿಕ್ಕಿದ್ದೇನೆಂದು ಹೇಳಬೇಕು. ನಮ್ಮವರು ಬಹಳ ಒಳ್ಳೆಯವರು. ನನ್ನ ಕಣ್ಣಿನ ವಿಷಯ ತಿಳಿದಂದಿನಿಂದ ದಿನವೂ ಪೇಪರ್ ಓದಿ ಹೇಳುತ್ತಾರೆ. ಆದರೆ ಓದುವಾಗ ಸಾವು, ಕೊಲೆ, ಆಕ್ಸಿಡೆಂಟು ಎಲ್ಲ ಬಿಟ್ಟು ಓದುತ್ತಾರೆ. ಅಲಮು ಅವರನ್ನು ಸೆನ್ಸಾರ್ ಬೋರ್ಡ್ ಮಾಮಾ ಎಂದೇ ಕರೆಯುತ್ತಿದ್ದಳು. ಪುಸ್ತಕ ತರಿಸಿದರೂ ಅಷ್ಟೆ, ದೇವರು, ಸಂತರು, ಆರೋಗ್ಯ. ನನಗೋ, ಹುಡುಗಿಯಾಗಿದ್ದಾಗಿನಿಂದ ಪತ್ತೇದಾರಿ ಕಾದಂಬರಿಯ ಹುಚ್ಚು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಪ್ಪನಿಗೆ ಕಾಣದ ಹಾಗೆ ಜಿಯಾಗ್ರಫಿಯ ಒಳಗಿಟ್ಟು ಓದಿದವಳು. ಎಪ್ಪತ್ತು ದಾಟಿದ ಮೇಲೆ, ಗಂಡನ ಹತ್ತಿರ "ನನಗೊಂದು ಒಳ್ಳೆ ಕೊಲೆ ಓದಿ ಹೇಳಿ" ಎಂದು ಹೇಗೆ ಕೇಳುವುದು? ಲೈಬ್ರರಿಗೆ ಫೋನ್ ಮಾಡಿದರೆ ಆಫೀಸಿನಾಕೆ, "ಮಾಮಿ, ಭಕ್ತಿಯಲ್ಲಿ ಹೊಸದು ಬಂದಿದೆ, ಅದನ್ನೇ ಹಾಕಲಾ?" ಎನ್ನುತ್ತಿದ್ದಳು. ಹೂಂ ಎನ್ನುತ್ತಿದ್ದೆ. ಅಲಮುವಿನ ಸೈಟು ಬಂದ ಮೇಲೆ, ನಾನೇ ಹುಡುಕಿ, ನಾನೇ ಆರಿಸಿ, ಯಾರಿಗೂ ಹೇಳದೆ, ಇಯರ್‌ಫೋನ್ ಹಾಕಿಕೊಂಡು, ಒಬ್ಬ ಜಮೀನ್ದಾರನನ್ನು ವಿಷ ಹಾಕಿ ಕೊಂದದ್ದು ಯಾರೆಂದು ಸಂಜೆಯವರೆಗೆ ಕೇಳಿದೆ. "ಏನು ಕೇಳ್ತಿದ್ದೀ?" ಎಂದರು ನಮ್ಮವರು. "ಪಾಪಪುಣ್ಯದ ವಿಷಯ" ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಚಿತ್ರಗಳಿಗೆ ಮಾತು ಬರೆಯುವುದರಲ್ಲಿ ಅವಳಷ್ಟು ಜಾಣೆಯನ್ನು ನಾನು ಕಂಡಿಲ್ಲ. ಪುಟದಲ್ಲಿ ಒಂದು ಫೋಟೊ ಇದ್ದರೆ, ನೋಡಲಾಗದವರಿಗೆ ಅದು ಏನೆಂದು ಒಂದು ಸಾಲು ಒಳಗೆ ಬರೆದಿಡಬೇಕು. ಈ ಅಭ್ಯಾಸ ಮನೆಯ ಹೊರಗೂ ಬಂತು. ನನ್ನ ತಂಗಿಯ ಮೊಮ್ಮಗನ ಮುಂಜಿಗೆ ಸೀರೆ ತೆಗೆಯಲು ಟಿ. ನಗರಕ್ಕೆ ಒಟ್ಟಿಗೆ ಹೋಗಿದ್ದೆವು. ಆಗ ನನಗೆ ಕಾಣುತ್ತಿದ್ದುದು ಬೆಳಕು, ನೆರಳು ಅಷ್ಟೆ. ಅಂಗಡಿಯವನು "ಮೆರೂನ್ ಮಾ, ಗ್ರ್ಯಾಂಡ್ ಪೀಸ್" ಎಂದ. ಅಲಮು ಅವನನ್ನು ತಡೆದಳು.

"ಮೆರೂನ್ ಅಲ್ಲ ಮಾಮಿ. ಹಳೇ ಇಟ್ಟಿಗೆ ಗೋಡೆ ನೀರಲ್ಲಿ ನೆಂದ್ರೆ ಇರತ್ತಲ್ಲ, ಆ ಬಣ್ಣ."

"ಜರಿ?"

"ಇದೆ. ಆದ್ರೆ ಕೂಗಾಡಲ್ಲ."

"ಸೆರಗು?"

"ಸೆರಗು ಸ್ವಲ್ಪ ಮಾತಾಡತ್ತೆ. ನಿಮ್ಮ ತಂಗಿಗೆ ಹೊಟ್ಟೆ ಉರಿಯೋವಷ್ಟು."

ಅಂಗಡಿಯವನು, "ಅಕ್ಕಾ, ಇಲ್ಲೇ ಕೆಲಸಕ್ಕೆ ಸೇರಿಬಿಡಿ" ಎಂದು ನಕ್ಕ. ಆ ಸೀರೆ ಉಟ್ಟಾಗಲೆಲ್ಲ ನನಗೆ ಅದು ಕಾಣುತ್ತದೆ. ಕಣ್ಣಿದ್ದಾಗ ಉಟ್ಟ ಎಷ್ಟೋ ಸೀರೆಗಳು ಹೀಗೆ ಕಂಡಿಲ್ಲ.

ಲೈಬ್ರರಿಗೆ ಹೊಸ ಸೆಕ್ರೆಟರಿ ಬಂದರು, ರಾಘವನ್ ಸಾರ್ ಎಂದು. ರಿಟೈರ್ಡ್ ಆಫೀಸರು, ಸಜ್ಜನರು, ಲೈಬ್ರರಿ ಬೆಳೆಯಬೇಕೆಂದು ನಿಜವಾಗಿ ಆಸೆ ಇದ್ದವರು. ಅಲಮು ಮಾಡಿದ ಸೈಟು ಅವರಿಗೆ ಬಡಕಲಾಗಿ ಕಂಡಿತು. ಅವರಿಗೆ ಬೇಕಾದ ಯಾರೋ ಒಂದು ಕಂಪೆನಿಯವರು ಪುಕ್ಕಟೆಯಾಗಿ ಹೊಸದೊಂದನ್ನು ಮಾಡಿಕೊಟ್ಟರು. ಅದನ್ನು ಕಮಿಟಿಗೆ ತೋರಿಸುವ ದಿನ ಮೆಂಬರುಗಳನ್ನೂ ಕರೆದಿದ್ದರು. ಅಲಮುವಿನ ಜೊತೆ ನಾನೂ ಹೋದೆ.

ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತಿದ್ದರು. ಕಣ್ಣಿದ್ದವರೆಲ್ಲ "ಆಹಾ, ಪ್ರಮಾದಂ" ಎಂದು ತಮಿಳಿನಲ್ಲಿ ಹೊಗಳುತ್ತಿದ್ದುದು ಕೇಳಿಸಿತು. ಫೋಟೊಗಳು ಒಂದರ ಹಿಂದೊಂದು ಜಾರಿ ಬರುತ್ತಿವೆ, ಬಂಗಾರದ ಅಕ್ಷರ ಎಂದು ಪಕ್ಕದಲ್ಲಿದ್ದವರು ನನಗೆ ವಿವರಿಸಿದರು. ಎಲ್ಲ ಮುಗಿದ ಮೇಲೆ ಅಲಮು ಎದ್ದು, "ಸಾರ್, ನಮ್ಮ ಮಾಮಿ ಇದರಲ್ಲಿ ಒಂದು ಪುಸ್ತಕ ಹುಡುಕಲಿ, ನೋಡೋಣ" ಎಂದಳು. ನನ್ನನ್ನು ಮುಂದೆ ಕೂರಿಸಿದರು.

ಎಚ್ ಒತ್ತಿದೆ. ಶೀರ್ಷಿಕೆ ಒಂದೂ ಇಲ್ಲ ಎಂದಳು ಓದುವ ಹೆಂಗಸು. ಟ್ಯಾಬ್ ಒತ್ತಿದೆ. "ಲಿಂಕ್. ಲಿಂಕ್. ಲಿಂಕ್. ಇಮೇಜ್, ಬ್ಯಾನರ್ ಫೈನಲ್ ನ್ಯೂ ಟು." ಮತ್ತೆ ಒತ್ತಿದೆ. "ಲಿಂಕ್. ಇಮೇಜ್, ಬ್ಯಾನರ್ ಫೈನಲ್ ನ್ಯೂ ತ್ರೀ." ಯಾವುದರ ಲಿಂಕು, ಏನು ಚಿತ್ರ, ಎಲ್ಲಿ ಹುಡುಕಬೇಕು ಒಂದೂ ಇಲ್ಲ. ದೊಡ್ಡ ಕಲ್ಯಾಣಮಂಟಪದಲ್ಲಿ ಕರೆಂಟು ಹೋದಾಗ ಗೋಡೆ ತಡವಿಕೊಂಡು ಹೋಗುವ ಹಾಗೆ ತಡವಿದೆ. ಯಾರೋ ಅಯ್ಯೋ ಪಾಪ ಎಂದರು. ಅಲಮು ಹಿಂದೆ ಕೈಕಟ್ಟಿ ನಿಂತೇ ಇದ್ದಳು.

ರಾಘವನ್ ಸಾರ್ ಹತ್ತಿರ ಬಂದು, ಬಹಳ ಮೃದುವಾಗಿ ತಮಿಳಿನಲ್ಲಿ, "ನೀವೇಕೆ ಕಷ್ಟಪಡಬೇಕು ಮಾಮಿ? ಒಂದು ಫೋನ್ ಮಾಡಿ ಸಾಕು. ನಮ್ಮವರು ಎಲ್ಲಾ ಮಾಡಿಕೊಡುತ್ತಾರೆ" ಎಂದರು.

"ಮಾಮಿ ಫೋನ್ ಮಾಡೋಕೆ ಬಂದಿಲ್ಲ ಸಾರ್," ಎಂದಳು ಅಲಮು. "ಪುಸ್ತಕ ಹುಡುಕೋಕೆ ಬಂದಿದಾರೆ."

"ಅಮ್ಮಾ, ಇದು ನೋಡಿದರೆ ಡೋನರ್ಸ್ ಬರುತ್ತಾರೆ. ಡೋನರ್ಸ್ ಬಂದರೆ ಪುಸ್ತಕ ಬರುತ್ತೆ. ಅದೂ ನಿಜ ತಾನೆ?"

ಅದೂ ನಿಜವೇ. ಹೊಸ ಸೈಟು ಒಪ್ಪಿಗೆಯಾಯಿತು.

ವಾಪಸು ಬರುವಾಗ ಕಡಲ ಕಡೆಯಿಂದ ಗಾಳಿ ಬರಲು ಶುರುವಾಗಿತ್ತು. ಅವಳು ನನ್ನ ಕೈ ಹಿಡಿದಿರಲಿಲ್ಲ. ಯಾವಾಗಲೂ ತನ್ನ ಮೊಣಕೈ ನನಗೆ ಹಿಡಿಯಲು ಕೊಡುತ್ತಿದ್ದಳು. ರಾಘವನ್ ಸಾರನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ.

"ನೋಡೋಕೆ ಚೆನ್ನಾಗೇ ಇದೆ ಮಾಮಿ ಅದು. ನಾನು ಅಷ್ಟು ಚಂದ ಮಾಡಿರ್ಲಿಲ್ಲ."

"ಹೋಗ್ಲಿ ಬಿಡೆ. ಇದ್ದಷ್ಟು ದಿನ ಕೇಳಿದೆ."

"ಬಿಡಲ್ಲ. ಅವರ ಅಲಂಕಾರ ಹಾಗೇ ಇರ್ಲಿ. ಒಂದು ಹೂವೂ ಮುಟ್ಟಲ್ಲ. ಒಳಗಡೆ ಪೂರ್ತಿ ಬೇರೆ ಬರೀತೀನಿ. ರಾಘವನ್ ಸಾರ್‌ಗೆ ಏನೂ ಬದ್ಲಾಗಿದ್ದು ಕಾಣ್ಬಾರ್ದು. ನಿಮಗೆ ಎಲ್ಲಾ ಬದ್ಲಾಗಿರ್ಬೇಕು." ರಸ್ತೆ ದಾಟಲು ಇಳಿದೆವು. ಆಮೇಲೆ, ಹಾಲು ಒಡೆದಿದೆ ಎನ್ನುವಷ್ಟು ಸಲೀಸಾಗಿ, "ಆದ್ರೆ ಸೀಕ್ರಂ, ಬೇಗ ಮಾಡ್ಬೇಕು ಮಾಮಿ. ಹೊಟ್ಟೇಲಿ ಗಡ್ಡೆ ಇದೆಯಂತೆ. ಒಳ್ಳೇ ಜಾತಿಯದಲ್ಲ" ಎಂದಳು.

ನಾನು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟೆ. ಆಟೋ ಒಂದು ಹಾರ್ನ್ ಹೊಡೆಯಿತು. "ನಡೀರಿ ಮಾಮಿ. ನನಗಿಂತ ಮೊದ್ಲು ನೀವು ಹೋದ್ರೆ ಟೆಸ್ಟ್ ಮಾಡೋರು ಯಾರು?"

ಅವಳು ಆ ಕಂಪೆನಿಯವರಿಗೆ ತಾನೇ ಫೋನ್ ಮಾಡಿದಳು. ಪುಕ್ಕಟೆ ಮಾಡಿದ ಕೆಲಸವನ್ನು ಇನ್ನೊಬ್ಬರು ಪುಕ್ಕಟೆ ತಿದ್ದಿಕೊಡುತ್ತೇನೆಂದರೆ ಯಾರು ಬೇಡವೆನ್ನುತ್ತಾರೆ. ರಾಘವನ್ ಸಾರ್ ಕೂಡ, "ಮಾಡಲಿ ಪಾಪ, ಮನಸ್ಸು ಆ ಕಡೆ ಇರುತ್ತೆ" ಎಂದರಂತೆ. ಆಸ್ಪತ್ರೆಗೆ ಹೋಗುವುದು, ಬರುವುದು, ವಾಂತಿ, ಸುಸ್ತು, ಮತ್ತೆ ಏಳುವುದು, ಒಂದೊಂದೇ ಪುಟ. ಇದು ಶೀರ್ಷಿಕೆ ಎಂದು ಬರೆಯುವುದು. ಜಾರುವ ಫೋಟೊಗಳನ್ನು ನಿಲ್ಲಿಸಲು ಒಂದು ಬಟನ್ನು ಇಡುವುದು. ಒಂದೊಂದು ಚಿತ್ರಕ್ಕೂ ಒಂದೊಂದು ಸಾಲು ಮಾತು. ಅವಳ ಕೀಬೋರ್ಡಿನ ಸದ್ದನ್ನು ಕೇಳಿಯೇ ನಾನು ಮೇಲಿನಿಂದ ಹೇಳಬಲ್ಲವಳಾಗಿದ್ದೆ, ಇವತ್ತು ಹೇಗಿದ್ದಾಳೆ ಎಂದು.

ತಲೆಗೂದಲು ಹೋಯಿತೆಂದು ನಮ್ಮವರು ಹೇಳಿದರು. ಅವರು ಬಿಟ್ಟು ಓದದೆ ಹೇಳಿದ ಮೊದಲನೆಯ ಕೆಟ್ಟ ಸುದ್ದಿ ಅದು. ನಾನು ಕೆಳಗೆ ಹೋದಾಗ ಅಲಮು, "ನಿಮ್ಮ ಮುಂದೆ ಮಾತ್ರ ನಾನು ಸ್ಕಾರ್ಫ್ ಕಟ್ಟಲ್ಲ ಮಾಮಿ. ಭಾಳ ಆರಾಮು" ಎಂದಳು. ಪೆನ್ಸಿಲು ಎಲ್ಲಿ ಸಿಕ್ಕಿಸುತ್ತೀ ಎಂದು ಕೇಳಬೇಕೆನ್ನಿಸಿತು.

ಅವಳು ಹೋದದ್ದು ಒಂದು ಬೆಳಗ್ಗೆ, ಆಸ್ಪತ್ರೆಯಲ್ಲಿ. ಸಂಪತ್ತು ಮೇಲೆ ಬಂದು ಹೇಳಿದ. ಮಧ್ಯಾಹ್ನ ಲೈಬ್ರರಿಯಿಂದ ಎಲ್ಲ ಮೆಂಬರುಗಳಿಗೂ ಒಂದು ಮೆಸೇಜು ಬಂತು. ಫೋನು ಓದಿತು: "ಫೋಟೊ." ಮತ್ತೆ ಒತ್ತಿದೆ. "ಫೋಟೊ." ಅಷ್ಟೆ. ಶ್ರದ್ಧಾಂಜಲಿಯ ಮಾತುಗಳನ್ನೆಲ್ಲ ಒಂದು ಚಿತ್ರದ ಮೇಲೆ ಚಂದವಾಗಿ ಬರೆಸಿ, ಅವಳ ಹೆಸರು, ಅವಳು ಲೈಬ್ರರಿಗೆ ಮಾಡಿದ್ದು ಎಲ್ಲವನ್ನೂ ಹೂವಿನ ಅಂಚಿನೊಳಗೆ ಸೇರಿಸಿ, ಚಿತ್ರವನ್ನೇ ಕಳಿಸಿದ್ದರು. ಅವಳು ಯಾರಿಗಾಗಿ ಅಷ್ಟೆಲ್ಲ ಮಾಡಿದಳೋ ಆ ನಮ್ಮಲ್ಲಿ ಒಬ್ಬರಿಗೂ ಅದರಲ್ಲಿ ಅವಳ ಹೆಸರು ಕೇಳಿಸಲಿಲ್ಲ. ಬೇಕೆಂದು ಮಾಡಿದ್ದಲ್ಲ. ಪ್ರೀತಿಯಿಂದಲೇ ಮಾಡಿದ್ದು. ಅವಳಿದ್ದಿದ್ದರೆ ನಗುತ್ತಿದ್ದಳೋ, ಟವೆಲ್ ಎತ್ತಿಕೊಂಡು ಅವರ ಆಫೀಸಿಗೆ ನಡೆಯುತ್ತಿದ್ದಳೋ. ನಮ್ಮವರು ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ನನಗೆ ಪೂರ್ತಿ ಓದಿ ಹೇಳಿದರು.

ನಾನು ಅವಳನ್ನು ಕೊನೆಯದಾಗಿ ಕಂಡದ್ದು ಅದಕ್ಕೆ ಸ್ವಲ್ಪ ದಿನ ಮುಂಚೆ. ಕಂಡದ್ದು ಎನ್ನುವುದು ಅಭ್ಯಾಸದ ಮಾತು. ಕೊನೆಯ ಪುಟ ಮುಗಿದಿದೆ, ಮಾಮಿ ಬರಬೇಕಂತೆ ಎಂದು ಸಂಪತ್ತು ಬಂದು ಕರೆದ. ಪುಸ್ತಕ ಆರಿಸಿ ಕೇಳಿಕೊಳ್ಳುವ ಪುಟ. ಅದೊಂದು ಆಗಿಬಿಟ್ಟರೆ ಮಾರನೆಯ ದಿನ ಎಲ್ಲವೂ ಹೊರಗೆ ಹೋಗುವುದಿತ್ತು.

ಅಲಮು ಮಂಚದ ಮೇಲೆ ಮಲಗಿದ್ದಳು. ಔಷಧಿಯ ವಾಸನೆ, ಅದರ ಜೊತೆ ಯಾರೋ ತಂದಿಟ್ಟ ತುಳಸಿಯ ವಾಸನೆ. ಲ್ಯಾಪ್‌ಟಾಪನ್ನು ನನ್ನ ಮುಂದೆ ಸ್ಟೂಲಿನ ಮೇಲೆ ಇಟ್ಟರು. "ಶುರು ಮಾಡಿ," ಎಂದಳು. ದನಿ ಬರಿಯ ಗಾಳಿಯಾಗಿತ್ತು.

ಎಚ್ ಒತ್ತಿದೆ. ಶೀರ್ಷಿಕೆ ಬಂತು. ಮತ್ತೆ ಒತ್ತಿದೆ, ಇನ್ನೊಂದು ಬಂತು. ಕನ್ನಡ ಪುಸ್ತಕಗಳು ಎಂದು ಕನ್ನಡದ ದನಿಯಲ್ಲೇ ಹೇಳಿತು. ಜಾರುವ ಫೋಟೊಗಳನ್ನು ನಿಲ್ಲಿಸಿದೆ; ನಿಂತವು ಎಂದಿತು. ಪತ್ತೇದಾರಿ ವಿಭಾಗಕ್ಕೆ ಹೋದೆ. ನನಗೆ ಬೇಕಾದ ಪುಸ್ತಕ ಸಿಕ್ಕಿತು. ಒಂದು ಕಡೆಯೂ ಎಡವಲಿಲ್ಲ. ನಮ್ಮ ಕಾರಿಡಾರಿನಲ್ಲಿ ನಡೆದ ಹಾಗೆ ನಡೆದೆ. ಕೊನೆಯಲ್ಲಿ ಟ್ಯಾಬ್ ಒತ್ತಿದೆ.

"ಬಟನ್" ಎಂದಿತು.

ಯಾವ ಬಟನ್ನು, ಏನು ಮಾಡುವ ಬಟನ್ನು, ಹೇಳಲಿಲ್ಲ. ಬರಿಯ ಬಟನ್. ಒತ್ತಿದರೆ ಪುಸ್ತಕ ಬರುತ್ತದೆಂದು ನನಗೆ ಗೊತ್ತಿತ್ತು. ಇದನ್ನೆಲ್ಲ ಇಷ್ಟು ದಿನ ಕೇಳಿ ಕೇಳಿ ನನಗೆ ಗೊತ್ತಿತ್ತು. ಹೊಸದಾಗಿ ಕಣ್ಣು ಹೋದ ಯಾರೋ ಒಬ್ಬರಿಗೆ ಗೊತ್ತಿರುವುದಿಲ್ಲ.

ಹಿಂದಿನಿಂದ ಅವಳ ಉಸಿರು ಕೇಳಿಸುತ್ತಿತ್ತು. ಎಷ್ಟು ಕಷ್ಟದ ಉಸಿರು. ಸಂಪತ್ತು ಬಾಗಿಲಲ್ಲಿ ನಿಂತು, "ಚೆನ್ನಾಗಿದೆ ಅಲ್ವಾ ಮಾಮಿ?" ಎಂದ. ಅವನ ದನಿಯಲ್ಲಿ, ಚೆನ್ನಾಗಿದೆ ಎಂದುಬಿಡಿ ಎಂಬ ಬೇಡಿಕೆ ಇತ್ತು. ನನ್ನ ನಾಲಗೆಯ ತುದಿಗೂ ಅದೇ ಬಂದಿತ್ತು.

"ಅಲಮು," ಎಂದೆ. "ಕೊನೇ ಬಟನ್ ಮಾತಾಡ್ಲಿಲ್ಲ ಕಣೆ."

ಸಂಪತ್ತು, "ನಾಳೆ ನೋಡಿದ್ರಾಯ್ತು ಬಿಡಿ," ಎಂದ. ಆಮೇಲೆ ಮಂಚ ಕಿರ್ ಎಂದಿತು.

"ಎತ್ತಿ ಕೂರ್ಸೋ," ಎಂದಳು ಅಣ್ಣನಿಗೆ. "ಅದನ್ನ ಇಲ್ಲಿ ಕೊಡಿ."

ಲ್ಯಾಪ್‌ಟಾಪ್ ಅವಳ ತೊಡೆಯ ಮೇಲೆ ಹೋಯಿತು. ಯಾವ ಬೆರಳು ಕಿಟಕಿಯ ಕೆಳಗೆ ಆಲಿಕಲ್ಲು ಸುರಿದ ಹಾಗೆ ಓಡುತ್ತಿತ್ತೋ ಆ ಬೆರಳು ಈಗ ಒಂದು ಕೀ ಒತ್ತಿ, ನಿಂತು, ಇನ್ನೊಂದನ್ನು ಹುಡುಕುತ್ತಿತ್ತು. ಒಂದು. ಬಹಳ ಹೊತ್ತಾದ ಮೇಲೆ ಮತ್ತೊಂದು. ಮಧ್ಯದಲ್ಲಿ ಒಮ್ಮೆ ನಿಂತೇ ಹೋಯಿತು. ನಾನು ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಮತ್ತೆ ಶುರುವಾಯಿತು. ಹೊರಗೆ ನೀರಿನ ಲಾರಿ ಬಂದು, ಬಿಂದಿಗೆಗಳು ಸದ್ದು ಮಾಡಿ, ಲಾರಿ ಹೊರಟೂ ಹೋಯಿತು.

"ಈಗ," ಎಂದಳು.

ಲ್ಯಾಪ್‌ಟಾಪ್ ಮತ್ತೆ ನನ್ನ ಮುಂದೆ ಬಂತು. ಟ್ಯಾಬ್ ಒತ್ತಿದೆ.

"ಈ ಪುಸ್ತಕ ನನಗೆ ಬೇಕು. ಬಟನ್," ಎಂದಿತು ಕನ್ನಡದ ದನಿ.

"ಬಂತು ಕಣೆ," ಎಂದೆ.

"ಇನ್ನೊಂದ್ಸಲ ಮಾಮಿ. ನನಗೂ ಕೇಳ್ಸಲಿ."

ಒಂದು ಹೆಜ್ಜೆ ಹಿಂದೆ ಹೋಗಿ, ಇನ್ನೊಂದು ಸಲ ಟ್ಯಾಬ್ ಒತ್ತಿದೆ.